ಮರೆಯಲಾರದವಳ ದುರಂತ: ಸ್ಟ್ರೌಸ್‌ನ ‘ಎಲೆಕ್ಟ್ರಾ’

ಗ್ರೀಕ್ ಪುರಾಣಗಳನ್ನು ಆಧರಿಸಿ ಜರ್ಮನ್ ಭಾಷೆಯಲ್ಲಿ ರಚಿತವಾದ ಒಪೆರಾಗಳಲ್ಲಿ ‘ಎಲೆಕ್ಟ್ರಾ’ದಷ್ಟು ಕೇಳುಗರನ್ನು ದಣಿಸಿದ, ಬೆಚ್ಚಿಬೀಳಿಸಿದ, ಆದರೂ ನೂರು ವರ್ಷಕ್ಕೂ ಮಿಕ್ಕಿ ರಂಗದ ಮೇಲೆ ಉಳಿದುಬಂದ ಕೃತಿ ಬಹುಶಃ ಇನ್ನೊಂದಿಲ್ಲ. ರಿಖಾರ್ಡ್ ಸ್ಟ್ರೌಸ್‌ನ ಸಂಗೀತ ಮತ್ತು ಹ್ಯೂಗೊ ಫಾನ್ ಹಾಫ್‌ಮನ್‌ಸ್ಟಾಲ್‌ನ ಸಾಹಿತ್ಯವಿರುವ ಈ ಏಕಾಂಕ ಒಪೆರಾ 1909ರ ಜನವರಿ 25ರಂದು ಡ್ರೆಸ್ಡೆನ್ ನಗರದ ರಾಜ ಒಪೆರಾ ಭವನದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಪಾತ್ರಗಳು ತಮ್ಮ ಮಾತನ್ನು ಹಾಡಿನಲ್ಲೇ ಆಡುವ, ವೇದಿಕೆಯ ಮುಂದಿನ ತಗ್ಗಿನಲ್ಲಿ ಕುಳಿತ ವಾದ್ಯವೃಂದ ಅವರೊಡನೆ ಉದ್ದಕ್ಕೂ ನುಡಿಯುವ ಪಾಶ್ಚಾತ್ಯ ರಂಗಪ್ರಕಾರಕ್ಕೆ ಒಪೆರಾ ಎಂದು ಹೆಸರು. ಸಾಮಾನ್ಯವಾಗಿ ಅದು ಹಲವು ಅಂಕಗಳಲ್ಲಿ, ನಡುನಡುವೆ ವಿರಾಮ ಪಡೆಯುತ್ತ ಸಾಗುತ್ತದೆ. ‘ಎಲೆಕ್ಟ್ರಾ’ ಪರದೆ ಎದ್ದ ಕ್ಷಣದಿಂದ ಬೀಳುವವರೆಗೆ, ಸುಮಾರು ನೂರರಿಂದ ನೂರಹತ್ತು ನಿಮಿಷಗಳ ಕಾಲ, ಎಲ್ಲಿಯೂ ನಿಲ್ಲುವುದಿಲ್ಲ. ಅಬ್ಬರಕ್ಕೆ ಹೆಸರಾದ ಕೃತಿಯಿದು. ಆ ಹೆಸರು ಸುಳ್ಳಲ್ಲದಿದ್ದರೂ ಅದರ ಹಿಂದೆ ಕೃತಿಯ ನಿಜವಾದ ವಸ್ತು ಮರೆಯಾಗುತ್ತ ಬಂದಿದೆ. ಹೊರನೋಟಕ್ಕೆ ಸೇಡಿನ ಕಥೆಯಾಗಿರುವ ಈ ಒಪೆರಾ ಒಳಗೆ ನೆನಪಿನ ಕಥೆಯಾಗಿದೆ, ಅದರಲ್ಲಿಯೂ ನೆನಪನ್ನೇ ಬದುಕಾಗಿಸಿಕೊಂಡವಳಿಗೆ ಒದಗುವ ಗತಿಯ ಕಥೆಯಾಗಿದೆ.

ಮೂಲ ಪುರಾಣವನ್ನು ಸಂಕ್ಷೇಪವಾಗಿ ನೆನೆಯಬೇಕು. ಮೈಸಿನೆಯ ಅರಸನೂ ಟ್ರಾಯ್ ನಗರದ ಮೇಲೆ ದಂಡೆತ್ತಿ ಹೋದ ಗ್ರೀಕ್ ಪಡೆಗಳ ನಾಯಕನೂ ಆದ ಅಗಮೆಮ್ನಾನ್, ಔಲಿಸ್ ಬಂದರಿನಲ್ಲಿ ಅನುಕೂಲದ ಗಾಳಿಯಿಲ್ಲದೆ ಹಡಗುಗಳು ತಡೆದು ನಿಂತಾಗ, ಆರ್ಟೆಮಿಸ್ ದೇವತೆಯ ಕೋಪವನ್ನು ತಣಿಸಲು ತನ್ನ ಮಗಳು ಇಫಿಜೀನಿಯಾಳನ್ನು ಬಲಿಕೊಡಲು ಒಪ್ಪುತ್ತಾನೆ. ಹತ್ತು ವರ್ಷಗಳ ಯುದ್ಧ ಗೆದ್ದು ಮನೆಗೆ ಮರಳಿದ ಅವನನ್ನು ಹೆಂಡತಿ ಕ್ಲಿಟೆಮ್ನೆಸ್ಟ್ರಾ, ತನ್ನ ಪ್ರಿಯಕರ ಏಗಿಸ್ಥಸ್‌ನೊಡನೆ ಸೇರಿ ಸ್ನಾನಗೃಹದಲ್ಲಿ ಕೊಲ್ಲುತ್ತಾಳೆ. ಪರಸ್ಥಳದಲ್ಲಿ ಬೆಳೆದ ಮಗ ಒರೆಸ್ಟಿಸ್ ದೊಡ್ಡವನಾಗಿ ಹಿಂದಿರುಗಿ ತಾಯಿಯನ್ನೂ ಏಗಿಸ್ಥಸ್‌ನನ್ನೂ ಕೊಂದು ತಂದೆಯ ಸೇಡು ತೀರಿಸಿಕೊಳ್ಳುತ್ತಾನೆ. ಈ ನಡುವಿನ ವರ್ಷಗಳಲ್ಲಿ ಅರಮನೆಯಲ್ಲೇ ಉಳಿದು, ಕೊಲೆಗಾರರ ಕಣ್ಣೆದುರೇ ತಂದೆಗಾಗಿ ಶೋಕಿಸುತ್ತ, ತಮ್ಮನ ದಾರಿ ಕಾಯುತ್ತ ಕುಳಿತವಳು ಎಲೆಕ್ಟ್ರಾ. ಸೇಡು ತೀರಿಸದಿದ್ದರೆ ಮಗ ಧರ್ಮಭ್ರಷ್ಟ, ತೀರಿಸಿದರೆ ಮಾತೃಹಂತಕ ಎಂಬ ಇಕ್ಕಟ್ಟೇ ಈ ಪುರಾಣವನ್ನು ದುರಂತವಾಗಿಸಿದೆ.

ಪ್ರಾಚೀನ ಅಥೆನ್ಸ್‌ನ ಮೂವರು ಮಹಾನಾಟಕಕಾರರೂ ಈ ಕಥೆಯನ್ನು ಎತ್ತಿಕೊಂಡಿದ್ದಾರೆ, ಮೂವರೂ ಬೇರೆ ಬೇರೆ ಕಡೆ ಒತ್ತು ಕೊಟ್ಟಿದ್ದಾರೆ. ಕ್ರಿ.ಪೂ. 458ರಲ್ಲಿ ಪ್ರದರ್ಶಿತವಾದ ಈಸ್ಕಿಲಸ್‌ನ ‘ಒರೆಸ್ಟಿಯಾ’ ನಾಟಕತ್ರಯದಲ್ಲಿ ಕೊಲೆಗೆ ಕೊಲೆ ಎಂಬ ಸರಪಳಿ ಕೊನೆಗೆ ಅಥೆನ್ಸ್‌ನ ನ್ಯಾಯಸಭೆಯಲ್ಲಿ ಕಡಿಯುತ್ತದೆ. ತಾಯಿಯನ್ನು ಕೊಂದ ಒರೆಸ್ಟಿಸ್‌ನನ್ನು ಎರಿನಿಗಳು ಎಂಬ ಪ್ರತೀಕಾರದ ದೇವತೆಗಳು ಬೆನ್ನಟ್ಟಿ, ಕೊನೆಗೆ ಶಾಂತರಾಗುತ್ತಾರೆ. ಅಲ್ಲಿ ಎಲೆಕ್ಟ್ರಾ ಸಣ್ಣ ಪಾತ್ರ. ಸಾಫೋಕ್ಲಿಸ್ ಅವಳನ್ನು ನಾಟಕದ ನಡುವಿಗೆ ತಂದು, ಅವಳ ಹಠ, ಶೋಕ, ತಾಯಿಯೊಡನೆ ನಡೆಸುವ ವಾದ ಇವನ್ನೇ ನಾಟಕದ ಮೈಯಾಗಿಸಿದ. ಯೂರಿಪಿಡೀಸ್‌ನ ನಾಟಕದಲ್ಲಿ ಅವಳು ತಾಯಿಯ ಕೊಲೆಯಲ್ಲಿ ತಾನೂ ಕೈಜೋಡಿಸಿ ಆಮೇಲೆ ಪಶ್ಚಾತ್ತಾಪದಿಂದ ಬೇಯುತ್ತಾಳೆ. ಗ್ರೀಕ್ ದುರಂತ ನಾಟಕಗಳು ಕನ್ನಡ ಓದುಗರಿಗೆ ಅಪರಿಚಿತವಲ್ಲ, ಬಿ.ಎಂ. ಶ್ರೀಕಂಠಯ್ಯನವರು ಸಾಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಆವರಣಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು, ಈಸ್ಕಿಲಸ್‌ನ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಹಳೆಯ ನಾಟಕವೊಂದನ್ನು ಹೊಸ ನೆಲದಲ್ಲಿ ನೆಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಶ್ರೀಯವರು ಎದುರಿಸಿದ ಪ್ರಶ್ನೆಯನ್ನೇ ಅವರಿಗಿಂತ ಕಾಲು ಶತಮಾನ ಮೊದಲು ವಿಯೆನ್ನಾದಲ್ಲಿ ಹಾಫ್‌ಮನ್‌ಸ್ಟಾಲ್ ಎದುರಿಸಿದ್ದ; ಅವನು ಆರಿಸಿಕೊಂಡ ಉತ್ತರ ಮಾತ್ರ ಬಹಳ ನಿರ್ದಯವಾದದ್ದು.

ಸಾಫೋಕ್ಲಿಸ್‌ನ ನಾಟಕವನ್ನು ಮುಂದಿಟ್ಟುಕೊಂಡು ಹಾಫ್‌ಮನ್‌ಸ್ಟಾಲ್ 1903ರಲ್ಲಿ ಬರೆದ ‘ಎಲೆಕ್ಟ್ರಾ’ ಮೂಲತಃ ಒಪೆರಾಕ್ಕಾಗಿ ಬರೆದದ್ದಲ್ಲ, ಮಾತಿನ ನಾಟಕ. ಅದೇ ವರ್ಷದ ಅಕ್ಟೋಬರ್ 30ರಂದು ಬರ್ಲಿನ್ನಿನ ಕ್ಲೈನೆಸ್ ಥಿಯೇಟರಿನಲ್ಲಿ ಮಾಕ್ಸ್ ರೈನ್‌ಹಾರ್ಟ್ ಅದನ್ನು ರಂಗಕ್ಕೆ ತಂದ. ಗರ್ಟ್ರೂಡ್ ಐಸೋಲ್ಟ್ ಎಲೆಕ್ಟ್ರಾ ಆಗಿ ಅಭಿನಯಿಸಿದಳು. ಈ ನಾಟಕದಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗ್ರೀಕ್ ನಾಟಕದ ಜೀವಾಳವಾದ, ನಡೆದದ್ದನ್ನು ವಿಮರ್ಶಿಸುತ್ತ ಪಾತ್ರಗಳಿಗೆ ವಿವೇಕ ಹೇಳುವ ಕೋರಸ್ ಎಂಬ ಮೇಳ ಇಲ್ಲಿಲ್ಲ. ಒರೆಸ್ಟಿಸ್‌ಗೆ ಕೊಲೆಯ ಆಜ್ಞೆ ಕೊಡುವ ಅಪೊಲೊ ದೇವತೆಯ ಭವಿಷ್ಯವಾಣಿಗೆ ಇಲ್ಲಿ ಮಹತ್ವವಿಲ್ಲ. ಕೊಲೆಯ ನಂತರ ಬೆನ್ನಟ್ಟುವ ಎರಿನಿಗಳಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಫಿಜೀನಿಯಾಳ ಬಲಿಯ ಪ್ರಸಂಗವೇ ಇಲ್ಲ. ಸಾಫೋಕ್ಲಿಸ್‌ನ ಕ್ಲಿಟೆಮ್ನೆಸ್ಟ್ರಾ ತನ್ನ ಮಗಳನ್ನು ಕೊಂದವನನ್ನು ತಾನು ಕೊಂದೆನೆಂದು ಎದೆಯೆತ್ತಿ ವಾದಿಸುತ್ತಾಳೆ, ಎಲೆಕ್ಟ್ರಾ ಅದಕ್ಕೆ ಪ್ರತಿವಾದ ಹೂಡುತ್ತಾಳೆ. ಅಲ್ಲಿ ನ್ಯಾಯ ಅನ್ಯಾಯಗಳ ವಿಚಾರಣೆ ನಡೆಯುತ್ತದೆ. ಹಾಫ್‌ಮನ್‌ಸ್ಟಾಲ್ ತಾಯಿಯ ಕೈಯಿಂದ ಆ ಒಂದೇ ಒಂದು ಸಮರ್ಥನೆಯನ್ನು ಕಿತ್ತುಕೊಂಡ. ಇದನ್ನು ಕೃತಿಯ ದೊಡ್ಡ ದೋಷವೆಂದು ಎಣಿಸಿದವರಿದ್ದಾರೆ, ಆ ಆಕ್ಷೇಪದಲ್ಲಿ ಹುರುಳೂ ಇದೆ. ಆದರೆ ನ್ಯಾಯದ ವಿಚಾರಣೆಯನ್ನು ಹೊರಗಿಟ್ಟದ್ದರಿಂದಲೇ ಇಬ್ಬರು ಹೆಂಗಸರ ಒಳಮನಸ್ಸು ಪೂರ್ತಿಯಾಗಿ ಬೆಳಕಿಗೆ ಬಂತು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಆ ಕಾಲದ ವಿಯೆನ್ನಾ ಒಳಮನಸ್ಸಿನ ಶೋಧದಲ್ಲಿ ಮುಳುಗಿತ್ತು. ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ ಸೇರಿ ಬರೆದ, ಉನ್ಮಾದ ಅಥವಾ ಹಿಸ್ಟೀರಿಯಾ ಎಂದು ಅಂದು ಕರೆಯಲಾಗುತ್ತಿದ್ದ ಮನೋವ್ಯಾಧಿಯ ಕುರಿತ ಗ್ರಂಥ 1895ರಲ್ಲಿ ಹೊರಬಂದಿತ್ತು; ಅರಗಿಸಿಕೊಳ್ಳಲಾಗದ ನೆನಪುಗಳೇ ರೋಗವಾಗಿ ಕಾಡುತ್ತವೆ ಎಂಬುದು ಅದರ ಮುಖ್ಯ ಪ್ರತಿಪಾದನೆ, ಸಾಯುತ್ತಿದ್ದ ತಂದೆಯ ಶುಶ್ರೂಷೆ ಮಾಡುತ್ತ ಕಾಯಿಲೆ ಬಿದ್ದ ತರುಣಿಯೊಬ್ಬಳ ವೃತ್ತಾಂತ ಅದರ ಮೊದಲ ಉದಾಹರಣೆ. ಹಾಫ್‌ಮನ್‌ಸ್ಟಾಲ್ ಈ ಗ್ರಂಥವನ್ನು ಬಲ್ಲವನಾಗಿದ್ದ. ಪ್ರಾಚೀನ ಗ್ರೀಕರ ಆತ್ಮವಿಚಾರ ಮತ್ತು ಪ್ರೇತನಂಬಿಕೆಗಳನ್ನು ಕುರಿತ ಎರ್ವಿನ್ ರೋಡೆಯ ‘ಸೈಕೆ’ಯೂ ಅವನ ಓದಿನಲ್ಲಿತ್ತು. ಹದಿನೆಂಟನೆಯ ಶತಮಾನದಲ್ಲಿ ಕಲಾ ಇತಿಹಾಸಕಾರ ವಿಂಕಲ್‌ಮನ್ ಗ್ರೀಕ್ ಶಿಲ್ಪಗಳಲ್ಲಿ ಕಂಡ ಶಾಂತಗಂಭೀರ ಸೌಂದರ್ಯವೇ ಗ್ರೀಸಿನ ಸಾರವೆಂದು ಜರ್ಮನ್ ಪಂಡಿತರು ಬಹುಕಾಲ ನಂಬಿದ್ದರು, ಕವಿ ಗಯಟೆ ತನ್ನ ‘ಇಫಿಜೀನಿಯಾ’ ನಾಟಕದಲ್ಲಿ ಆ ಗ್ರೀಸಿಗೆ ಮಾನವೀಯತೆಯ ಮಾತು ಕೊಟ್ಟಿದ್ದ. 1872ರಲ್ಲಿ ತತ್ತ್ವಜ್ಞಾನಿ ನೀಚೆಯ ‘ದುರಂತದ ಹುಟ್ಟು’ ಬಂದು, ಆ ಅಮೃತಶಿಲೆಯ ಅಡಿಯಲ್ಲಿ ಡಯೊನೈಸಸ್ ದೇವತೆಯ ಉನ್ಮತ್ತ ಕುಣಿತವಿತ್ತೆಂದು ಸಾರಿದಾಗ ಪಂಡಿತರು ಸಿಟ್ಟಾದರು, ಕವಿಗಳು ಕಿವಿಗೊಟ್ಟರು. ಮುಂದೆ ಸ್ಟ್ರೌಸ್ ಕೂಡ, ಗಯಟೆ ಮತ್ತು ವಿಂಕಲ್‌ಮನ್ನರ ಗ್ರೀಸಿಗೆ ಎದುರಾಗಿ ದೆವ್ವ ಮೆಟ್ಟಿದಂಥ ಗ್ರೀಸನ್ನು ತೋರಿಸುವುದು ತನಗೆ ಆಕರ್ಷಕವಾಗಿತ್ತೆಂದು ನೆನೆದಿದ್ದಾನೆ. ಇಲ್ಲೊಂದು ಮಾತನ್ನು ಸೇರಿಸಬಹುದು: ಮನಶ್ಶಾಸ್ತ್ರದಲ್ಲಿ ‘ಎಲೆಕ್ಟ್ರಾ ಕಾಂಪ್ಲೆಕ್ಸ್’ ಎಂಬ ಹೆಸರನ್ನು ಬಳಕೆಗೆ ತಂದವನು ಯೂಂಗ್, ಅದೂ 1913ರಲ್ಲಿ, ಅಂದರೆ ಒಪೆರಾ ಬಂದು ನಾಲ್ಕು ವರ್ಷಗಳ ಮೇಲೆ, ಫ್ರಾಯ್ಡ್‌ಗೆ ಆ ಹೆಸರು ಒಪ್ಪಿಗೆಯಾಗಲೇ ಇಲ್ಲ.

ಬರ್ಲಿನ್ನಿನಲ್ಲಿ ನಾಟಕವನ್ನು ನೋಡಿದ ಸ್ಟ್ರೌಸ್ ಅದರಲ್ಲಿ ಒಪೆರಾದ ಸಾಧ್ಯತೆಯನ್ನು ಕಂಡರೂ ಹಿಂಜರಿದ. 1905ರ ಡಿಸೆಂಬರಿನಲ್ಲಿ ಡ್ರೆಸ್ಡೆನ್‌ನಲ್ಲೇ ಪ್ರದರ್ಶನಗೊಂಡಿದ್ದ ಅವನ ‘ಸಲೋಮೆ’ಯೂ ಏಕಾಂಕವೇ, ಅದರ ಕೇಂದ್ರದಲ್ಲಿಯೂ ಹಟಮಾರಿ ಹೆಣ್ಣು, ಅಲ್ಲಿಯೂ ನೃತ್ಯ, ಅಲ್ಲಿಯೂ ಕೊನೆಗೆ ಸಾವು. ಮಾಡಿದ್ದನ್ನೇ ಮತ್ತೆ ಮಾಡಿದಂತಾಗುತ್ತದೆಂಬ ಅಳುಕನ್ನು ಅವನು ಪತ್ರದಲ್ಲಿ ತೋಡಿಕೊಂಡಾಗ, ಎರಡು ಕೃತಿಗಳ ಬಣ್ಣವೇ ಬೇರೆ, ಒಂದರಲ್ಲಿ ಕಡುನೇರಳೆಯ ಬೇಗೆಯಿದ್ದರೆ ಇನ್ನೊಂದರಲ್ಲಿ ಇರುಳು ಬೆಳಕುಗಳ ಬೆರಕೆಯಿದೆ ಎಂಬ ಅರ್ಥದಲ್ಲಿ ಹಾಫ್‌ಮನ್‌ಸ್ಟಾಲ್ ಉತ್ತರಿಸಿದ. 1906ರಲ್ಲಿ ಆರಂಭವಾದ ರಚನೆ 1908ರ ಸೆಪ್ಟೆಂಬರಿನಲ್ಲಿ, ಸ್ಟ್ರೌಸ್ ‘ಸಲೋಮೆ’ಯ ಗಳಿಕೆಯಿಂದ ಗಾರ್ಮಿಶ್‌ನಲ್ಲಿ ಕಟ್ಟಿಸಿದ್ದ ಮನೆಯಲ್ಲಿ ಮುಗಿಯಿತು. ನಾಟಕದ ಪಠ್ಯವನ್ನು ಸ್ಟ್ರೌಸ್ ಕತ್ತರಿಸಿ ಚಿಕ್ಕದಾಗಿಸಿದ, ಒಂದೆರಡು ಕಡೆ ಕವಿಯಿಂದ ಹೊಸ ಸಾಲುಗಳನ್ನು ಬರೆಸಿಕೊಂಡ. ಹೀಗೆ ಕುದುರಿದ ಸ್ನೇಹ 1929ರಲ್ಲಿ ಹಾಫ್‌ಮನ್‌ಸ್ಟಾಲ್ ತೀರಿಕೊಳ್ಳುವವರೆಗೆ ಮುಂದುವರಿದು, ಒಟ್ಟು ಆರು ಒಪೆರಾಗಳಿಗೆ ಜನ್ಮ ಕೊಟ್ಟಿತು.

ಸ್ಟ್ರೌಸ್ ಈ ಕೃತಿಗೆ ಕೇಳಿದ ವಾದ್ಯವೃಂದ ಸುಮಾರು ನೂರಹತ್ತು ಮಂದಿಯದು. ತಂತಿವಾದ್ಯಗಳಲ್ಲಿಯೇ ಇಪ್ಪತ್ತನಾಲ್ಕು ಪಿಟೀಲುಗಳು, ಹದಿನೆಂಟು ವಿಯೋಲಾಗಳು, ಹನ್ನೆರಡು ಚೆಲ್ಲೊಗಳು, ಎಂಟು ಡಬಲ್ ಬಾಸ್‌ಗಳು. ಸಾಮಾನ್ಯವಾಗಿ ಎರಡು ಗುಂಪಾಗುವ ಪಿಟೀಲುಗಳು ಇಲ್ಲಿ ಮೂರು ಗುಂಪಾಗುತ್ತವೆ, ಪಿಟೀಲಿಗಿಂತ ತುಸು ದೊಡ್ಡದಾದ ಮಂದ್ರ ಸ್ವರದ ವಿಯೋಲಾಗಳೂ ಮೂರಾಗುತ್ತವೆ, ಮೊದಲ ಗುಂಪಿನ ವಿಯೋಲಾ ವಾದಕರು ನಡುವೆ ಕೈಯಲ್ಲಿನ ವಾದ್ಯವನ್ನು ಕೆಳಗಿಟ್ಟು ಪಿಟೀಲು ಎತ್ತಿಕೊಳ್ಳಬೇಕಾಗುತ್ತದೆ. ಕ್ಲಾರಿಯೊನೆಟ್ ಕುಟುಂಬದ ಎಂಟು ವಾದ್ಯಗಳು, ಓಬೊ ಜಾತಿಯ ಆದರೆ ಅದಕ್ಕಿಂತ ಗಡಸು ದನಿಯ ಹೆಕೆಲ್‌ಫೋನ್, ಎಂಟು ಹಾರ್ನ್‌ಗಳಲ್ಲಿ ನಾಲ್ವರು ಅಗತ್ಯಬಿದ್ದಾಗ ನುಡಿಸಬೇಕಾದ ವಾಗ್ನರ್ ಟ್ಯೂಬಾ ಎಂಬ ಗಂಭೀರ ಲೋಹವಾದ್ಯ, ಆರು ಟ್ರಂಪೆಟ್‌ಗಳು, ಎರಡು ಹಾರ್ಪ್‌ಗಳು, ನಗಾರಿಯನ್ನು ಹೋಲುವ ಟಿಂಪನಿಗಳಿಗೇ ಇಬ್ಬರು ವಾದಕರು. ಇಷ್ಟು ಸೈನ್ಯವನ್ನು ಜಮಾಯಿಸಿದವನು ಅದನ್ನು ಸದಾ ಯುದ್ಧಕ್ಕೇ ಬಿಡುತ್ತಾನೆಂದು ಭಾವಿಸುವುದು ಸಹಜ. ಆದರೆ ಸ್ವರಲಿಪಿಯನ್ನು ನೋಡಿದರೆ ಇಡೀ ವೃಂದ ಒಟ್ಟಾಗಿ ಗರ್ಜಿಸುವ ಜಾಗಗಳು ನೆನಪಿನಲ್ಲಿ ಉಳಿದಷ್ಟು ಹೆಚ್ಚಾಗಿಲ್ಲ. ಎಷ್ಟೋ ಪುಟಗಳಲ್ಲಿ ನಾಲ್ಕಾರು ವಾದ್ಯಗಳು ಮಾತ್ರ ಪಿಸುಗುಟ್ಟುತ್ತಿರುತ್ತವೆ. ಮುಂದೊಮ್ಮೆ ಎಳೆಯ ವೃಂದನಿರ್ದೇಶಕರಿಗಾಗಿ ವಿನೋದದ ಹತ್ತು ಸೂತ್ರಗಳನ್ನು ಬರೆದ ಸ್ಟ್ರೌಸ್, ‘ಸಲೋಮೆ’ ಮತ್ತು ‘ಎಲೆಕ್ಟ್ರಾ’ಗಳನ್ನು ಮೆಂಡೆಲ್‌ಸನ್ನನ ರಚನೆಗಳೆಂಬಂತೆ, ಯಕ್ಷಿಯರ ಸಂಗೀತದಂತೆ ಹಗುರಾಗಿ ನುಡಿಸಬೇಕೆಂದು ವಿಧಿಸಿದ್ದಾನೆ. ಅದು ಬರೀ ತಮಾಷೆಯಾಗಿರಲಿಲ್ಲ.

ಹಾಫ್‌ಮನ್‌ಸ್ಟಾಲ್ ಹೊರಗಿಟ್ಟ ಕೋರಸ್‌ನ ಕೆಲಸವನ್ನು ಸ್ಟ್ರೌಸ್ ಈ ವಾದ್ಯವೃಂದಕ್ಕೆ ವಹಿಸಿದ. ಜರ್ಮನ್ ಒಪೆರಾಕಾರ ವಾಗ್ನರ್ ರೂಢಿಗೆ ತಂದ ಲೈಟ್‌ಮೋಟಿಫ್ ಪದ್ಧತಿ ಇದಕ್ಕೆ ಆಧಾರ. ಒಬ್ಬ ವ್ಯಕ್ತಿಗೋ ವಸ್ತುವಿಗೋ ಭಾವಕ್ಕೋ ಅಂಟಿಕೊಂಡು, ಸಂದರ್ಭ ಬಂದಾಗಲೆಲ್ಲ ರೂಪ ಬದಲಿಸಿಕೊಂಡು ಮರಳುವ ಕಿರು ಸ್ವರಗುಚ್ಛಕ್ಕೆ ಆ ಹೆಸರು. ‘ಎಲೆಕ್ಟ್ರಾ’ಕ್ಕೆ ಪೀಠಿಕಾ ಸಂಗೀತವಿಲ್ಲ. ಪರದೆ ಏಳುತ್ತಲೇ ಡಿ ಮೈನರ್ ನೆಲೆಯಲ್ಲಿ ಬಂಡೆ ಬಿದ್ದಂತೆ ನಾಲ್ಕು ಸ್ವರಗಳು ಕೇಳುತ್ತವೆ, ಅವು ಅಗಮೆಮ್ನಾನ್ ಎಂಬ ಹೆಸರಿನ ನಾಲ್ಕು ಅಕ್ಷರಗಳ ಉಚ್ಚಾರಕ್ಕೆ ಕರಾರುವಾಕ್ಕಾಗಿ ಹೊಂದುತ್ತವೆ. ಕಥೆ ಆರಂಭವಾಗುವ ಮೊದಲೇ ಸತ್ತುಹೋದ, ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಮನುಷ್ಯನೊಬ್ಬ ಹೀಗೆ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಪೆರಾವನ್ನು ಆಳುತ್ತಾನೆ. ಎಲೆಕ್ಟ್ರಾಳಿಗೆ ಮೀಸಲಾದದ್ದು ರಾಗದ ಎಳೆಯಲ್ಲ, ಒಂದು ಸ್ವರಕೂಟ, ಎಂದರೆ ಏಕಕಾಲಕ್ಕೆ ನುಡಿಸುವ ಹಲವು ಸ್ವರಗಳ ಗುಂಪು. ಪಾಶ್ಚಾತ್ಯ ಸಂಗೀತದಲ್ಲಿ ಸಾಮಾನ್ಯವಾಗಿ ಪ್ರತಿ ಸ್ವರಕೂಟಕ್ಕೂ ಒಂದು ಆಧಾರ ನೆಲೆಯಿರುತ್ತದೆ. ಎಲೆಕ್ಟ್ರಾಳ ಸ್ವರಕೂಟದಲ್ಲಿ ಇ ಮೇಜರ್‌ನ ತುಣುಕೊಂದರ ಮೇಲೆ ಅದಕ್ಕೆ ಸಂಬಂಧವಿಲ್ಲದ ಡಿ ಫ್ಲಾಟ್ ಮೇಜರ್ ಕುಳಿತಿದೆ, ಎರಡು ನೆಲೆಗಳೂ ಒಂದನ್ನೊಂದು ಬಿಟ್ಟುಕೊಡದೆ ಉಜ್ಜುತ್ತವೆ. ನಿನ್ನೆಯಲ್ಲಿಯೂ ಇಂದಿನಲ್ಲಿಯೂ ಒಟ್ಟಿಗೆ ಬದುಕುತ್ತಿರುವವಳಿಗೆ ಇದಕ್ಕಿಂತ ತಕ್ಕ ಧ್ವನಿಲಾಂಛನ ಸಿಗುವುದು ಕಷ್ಟ.

ರಂಗ ಮೈಸಿನೆಯ ಅರಮನೆಯ ಹಿಂಬದಿಯ ಒಳಾಂಗಣ. ಬಾವಿಯ ಬಳಿ ನೀರು ಸೇದುತ್ತಿರುವ ಐವರು ಊಳಿಗದವರು, ನಾಯಿಗಳ ಜೊತೆ ಉಣ್ಣುವ, ದಿನವೂ ಅದೇ ಹೊತ್ತಿಗೆ ಊಳಿಡುವ ರಾಜಕುಮಾರಿಯನ್ನು ಹೀಯಾಳಿಸುತ್ತಾರೆ. ಅವಳ ಪರ ಮಾತಾಡಿದ ಒಬ್ಬಳಿಗೆ ಏಟು ಬೀಳುತ್ತದೆ. ಆಮೇಲೆ ಒಬ್ಬಂಟಿಯಾಗಿ ಬರುವ ಎಲೆಕ್ಟ್ರಾ ತಂದೆಯ ಕೊಲೆಯನ್ನು ಅದು ಈಗ ಕಣ್ಣೆದುರು ನಡೆಯುತ್ತಿದೆಯೋ ಎಂಬಂತೆ ಹಾಡುತ್ತಾಳೆ, ಸೇಡು ತೀರಿದ ದಿನ ಅವನ ಸಮಾಧಿಯ ಸುತ್ತ ತಾನು ಕುಣಿಯುವ ಕುಣಿತವನ್ನು ಮುಂಗಾಣುತ್ತಾಳೆ. ಇಲ್ಲಿಂದ ಕೊನೆಯವರೆಗೆ ಅವಳು ಬಹುಮಟ್ಟಿಗೆ ರಂಗವನ್ನು ಬಿಟ್ಟು ಹೋಗುವುದೇ ಇಲ್ಲ. ಆ ಪಾತ್ರವನ್ನು ಹಾಡಬಲ್ಲ ಗಾಯಕಿಯರು ಯಾವ ಕಾಲದಲ್ಲಿಯೂ ಬೆರಳೆಣಿಕೆಯಷ್ಟೇ ಇರುವುದಕ್ಕೆ ಇದೇ ಕಾರಣ, ಗಾಯಕಿಯರ ಉಸಿರು ಉಳಿಸಲು ಕೆಲವು ಭಾಗಗಳನ್ನು ಕತ್ತರಿಸುವ ವಾಡಿಕೆ ಬೆಳೆದದ್ದಕ್ಕೂ ಇದೇ ಕಾರಣ. ತಂಗಿ ಕ್ರೈಸೊಥೆಮಿಸ್ ಬಂದು ತನಗೆ ಈ ಸೆರೆ ಸಾಕಾಗಿದೆ, ಮದುವೆಯಾಗಿ ಮಕ್ಕಳನ್ನು ಹೆರಬೇಕೆಂಬ ಆಸೆಯಿದೆ ಎಂದು ಹಲುಬುತ್ತಾಳೆ. ಅವಳಿಗೆ ಸ್ಟ್ರೌಸ್ ಕೊಟ್ಟ ತೂಗಾಡುವ, ಸಿಹಿಯಾದ ರಾಗಗಳು ಕೃತಿಯ ದುರ್ಬಲ ಭಾಗವೆಂದು ಕೆಲವರ ಅಭಿಪ್ರಾಯ. ಆದರೆ ಮರೆತು ಬದುಕಬಯಸುವವಳ ಸಂಗೀತ ಮರೆಯಲಾರದವಳ ಸಂಗೀತಕ್ಕಿಂತ ಸರಳವಾಗಿರುವುದು ನ್ಯಾಯವೇ ಆಗಿದೆ.

ಮೂರನೆಯವಳಾಗಿ ಬರುವವಳು ತಾಯಿ. ಒಪೆರಾದ ಸರಿಸುಮಾರು ನಡುವಿನಲ್ಲಿ ನಿಲ್ಲುವ ಈ ದೃಶ್ಯವೇ ಕೃತಿಯ ಶಿಖರ. ಕಿರುಚಾಟಕ್ಕೂ ಕೊಲೆಗಳಿಗೂ ಹೆಸರಾದ ಒಪೆರಾದ ಅತಿ ಭಯಾನಕ ಭಾಗದಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ, ಇಬ್ಬರು ಹೆಂಗಸರು ಬಹುಪಾಲು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಮೈತುಂಬ ಹರಳು, ತಾಯಿತಗಳನ್ನು ಹೇರಿಕೊಂಡ, ನಿದ್ದೆಗೆಟ್ಟು ಊದಿಕೊಂಡ ಮುಖದ ಕ್ಲಿಟೆಮ್ನೆಸ್ಟ್ರಾ ಸೇವಕಿಯರನ್ನು ಆಚೆ ಕಳಿಸಿ, ತನ್ನನ್ನು ಕಂಡರಾಗದ ಮಗಳ ಬಳಿಯೇ ಔಷಧಿ ಕೇಳಲು ಬರುತ್ತಾಳೆ. ಅವಳ ಕಾಯಿಲೆ ಕನಸು. ಹೆಸರಿಲ್ಲದ ಏನೋ ಒಂದು ಇರುಳಲ್ಲಿ ಮೈಮೇಲೆ ಹರಿದಾಡುತ್ತದೆ, ನೋವೆನ್ನುವಂತಿಲ್ಲ, ಉಸಿರು ಕಟ್ಟುವುದೂ ಇಲ್ಲ, ಆದರೂ ಮಜ್ಜೆ ಕರಗಿಹೋಗುತ್ತದೆ. ಯಾವ ಬಲಿ ಕೊಟ್ಟರೆ ಈ ಕನಸು ನಿಲ್ಲುತ್ತದೆ ಎಂದು ಅವಳ ಪ್ರಶ್ನೆ. ಇಲ್ಲಿ ಸ್ಟ್ರೌಸ್ ಆಧಾರ ನೆಲೆಯನ್ನೇ ಕಿತ್ತುಹಾಕುತ್ತಾನೆ. ಸ್ವರಗಳು ಯಾವ ನೆಲೆಗೂ ಸೇರದೆ ಸರಿದಾಡುತ್ತವೆ, ಮಂದ್ರದ ವಾದ್ಯಗಳು ಒಂದರ ಮೇಲೊಂದು ತೆವಳುತ್ತವೆ, ಕೇಳುಗನಿಗೆ ಕಾಲೂರಲು ನೆಲವಿಲ್ಲದಂತಾಗುತ್ತದೆ. ತಾನು ಸ್ವರಸಂಯೋಜನೆಯ ಮತ್ತು ಅಂದಿನ ಕೇಳುಗರ ಗ್ರಹಣಶಕ್ತಿಯ ಎಲ್ಲೆಯವರೆಗೆ ಹೋದದ್ದು ಇಲ್ಲಿಯೇ ಎಂದು ಸ್ಟ್ರೌಸ್ ತನ್ನ ನೆನಪುಗಳಲ್ಲಿ ಒಪ್ಪಿಕೊಂಡಿದ್ದಾನೆ. ಅದೇ 1909ರಲ್ಲಿ ವಿಯೆನ್ನಾದ ಸಂಗೀತಕಾರ ಆರ್ನಲ್ಡ್ ಶೋನ್‌ಬರ್ಗ್, ಒಬ್ಬಳೇ ಹೆಣ್ಣಿನ ದುಃಸ್ವಪ್ನದಂಥ ‘ಎರ್ವಾರ್ಟುಂಗ್’ ರಚಿಸಿ ಆ ಎಲ್ಲೆಯನ್ನು ದಾಟಿಯೇಬಿಟ್ಟ ಎಂಬುದನ್ನು ನೆನೆದರೆ, ಸ್ಟ್ರೌಸ್ ನಿಂತ ಜಾಗ ಎಷ್ಟು ಅಂಚಿನದೆಂದು ತಿಳಿಯುತ್ತದೆ.

ಎಲೆಕ್ಟ್ರಾ ಒಗಟಿನಂಥ ಮಾತುಗಳಲ್ಲಿ ತಾಯಿಯನ್ನು ಆಡಿಸುತ್ತ ಆಡಿಸುತ್ತ, ಕೊನೆಗೆ ಬಲಿಯಾಗಬೇಕಾದ ಪಶು ನೀನೇ ಎಂದು ಸಾರುತ್ತಾಳೆ. ಇಬ್ಬರೂ ಎದುರುಬದುರು ನಿಂತ ಆ ಗಳಿಗೆಯಲ್ಲಿ ಒಂದು ಸತ್ಯ ಹೊಳೆಯುತ್ತದೆ: ತಾಯಿ ಮರೆಯಬಯಸಿಯೂ ಮರೆಯಲಾರಳು, ಮಗಳು ನೆನಪನ್ನೇ ಉಂಡು ಬದುಕುತ್ತಾಳೆ, ಕಾಯಿಲೆ ಮಾತ್ರ ಇಬ್ಬರದೂ ಒಂದೇ. ಅಷ್ಟರಲ್ಲಿ ಸೇವಕಿಯೊಬ್ಬಳು ಬಂದು ಕಿವಿಯಲ್ಲಿ ಏನೋ ಉಸುರಲು ಕ್ಲಿಟೆಮ್ನೆಸ್ಟ್ರಾ ಗಹಗಹಿಸುತ್ತ ಒಳಗೆ ಹೋಗುತ್ತಾಳೆ. ಒರೆಸ್ಟಿಸ್ ಸತ್ತನೆಂಬುದೇ ಆ ಸುದ್ದಿ. ತಮ್ಮನಿಲ್ಲವಾದ ಮೇಲೆ ತಾವಿಬ್ಬರೇ ಕೊಲ್ಲಬೇಕೆಂದು ಎಲೆಕ್ಟ್ರಾ ತಂಗಿಯನ್ನು ಓಲೈಸುತ್ತಾಳೆ, ಅವಳು ಓಡಿಹೋದಾಗ ಶಪಿಸಿ, ತಂದೆಯನ್ನು ಕೊಂದ ಕೊಡಲಿಯನ್ನು ತಾನು ಹೂತಿಟ್ಟಿದ್ದ ಜಾಗವನ್ನು ಕೈಯಿಂದಲೇ ಅಗೆಯತೊಡಗುತ್ತಾಳೆ.

ಅಂಗಳಕ್ಕೆ ಬಂದ ಅಪರಿಚಿತ ಒರೆಸ್ಟಿಸ್‌ನೇ ಎಂಬುದು ಸಭಿಕರಿಗೆ ಮೊದಲೇ ಗೊತ್ತು. ಸಾಫೋಕ್ಲಿಸ್‌ನಲ್ಲಿ ಎಲೆಕ್ಟ್ರಾ ತಮ್ಮನ ಬೂದಿಯೆಂದು ನಂಬಿದ ಕಲಶವನ್ನು ಎದೆಗವಚಿಕೊಂಡು ಅಳುತ್ತಾಳೆ. ಹಾಫ್‌ಮನ್‌ಸ್ಟಾಲ್ ಆ ಕಲಶವನ್ನು ಕೈಬಿಟ್ಟು, ಮುದಿ ಊಳಿಗದವರು ಮತ್ತು ಅಂಗಳದ ನಾಯಿಗಳು ಗುರುತಿಸಿದವನನ್ನು ಅಕ್ಕ ಮಾತ್ರ ಗುರುತಿಸುವುದಿಲ್ಲವೆಂಬ ವ್ಯಂಗ್ಯವನ್ನು ತಂದ. ಮುಖವನ್ನೇ ಮರೆತು ಹೆಸರನ್ನಷ್ಟೇ ಕಾಪಾಡಿಕೊಂಡ ನೆನಪು ಅವಳದು. ಗುರುತು ಹತ್ತಿದ ಕ್ಷಣ ಇಡೀ ವೃಂದ ಸಿಡಿಯುತ್ತದೆ, ಬಳಿಕ ನಿಧಾನವಾಗಿ ಇಳಿಯುತ್ತ ಒಪೆರಾದಲ್ಲಿಯೇ ಅತ್ಯಂತ ಕೋಮಲವಾದ ಹಾಡಿಗೆ ಎಡೆಮಾಡುತ್ತದೆ. ಇಲ್ಲೊಂದು ದೊಡ್ಡ ವಿಶ್ರಾಂತಿಯ ತಾಣ ಬೇಕೆಂದು 1908ರಲ್ಲಿ ಸ್ಟ್ರೌಸ್ ಕೇಳಿಕೊಂಡದ್ದರಿಂದಲೇ ಹಾಫ್‌ಮನ್‌ಸ್ಟಾಲ್ ಈ ಸಾಲುಗಳನ್ನು ಬರೆದುಕೊಟ್ಟ. ಸಂಗೀತಗಾರನ ರಂಗಪ್ರಜ್ಞೆ ಕವಿಯದನ್ನು ತಿದ್ದಿದ ಉದಾಹರಣೆಯಿದು.

ಒರೆಸ್ಟಿಸ್ ಒಳಗೆ ಹೋದ ಮೇಲೆ ಎಲೆಕ್ಟ್ರಾಳಿಗೆ ಕೊಡಲಿ ಕೊಡಲು ತಾನು ಮರೆತದ್ದು ಹೊಳೆಯುತ್ತದೆ. ವರ್ಷಗಟ್ಟಲೆ ಅದನ್ನು ಕಾದಿಟ್ಟವಳು, ಬೇಕಾದ ಒಂದೇ ಗಳಿಗೆಯಲ್ಲಿ ಅದನ್ನು ಮರೆತಳು. ಹಾಫ್‌ಮನ್‌ಸ್ಟಾಲ್ ಈ ಪಾತ್ರವನ್ನು ಕಲ್ಪಿಸುವಾಗ ಹ್ಯಾಮ್ಲೆಟ್‌ನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂಬುದಕ್ಕೆ ಇಲ್ಲಿ ಪೂರ್ತಿ ಅರ್ಥ ಸಿಗುತ್ತದೆ. ಕೃತ್ಯದ ಬಗ್ಗೆ ಅಷ್ಟೊಂದು ಮಾತಾಡಿದವಳಿಗೆ ಕೃತ್ಯದಲ್ಲಿ ಪಾಲೇ ದಕ್ಕುವುದಿಲ್ಲ. ಒಳಗಿನಿಂದ ತಾಯಿಯ ಚೀತ್ಕಾರ ಕೇಳುತ್ತದೆ. ಆಮೇಲೆ ಬರುವ ಏಗಿಸ್ಥಸ್‌ಗೆ ಎಲೆಕ್ಟ್ರಾ ಅತಿವಿನಯದಿಂದ ಪಂಜು ಹಿಡಿದು ದಾರಿ ತೋರಿಸುತ್ತಾಳೆ, ವಾದ್ಯಗಳು ಅವಳ ಸುತ್ತ ವಾಲ್ಟ್ಸ್ ಎಂಬ ನೃತ್ಯಸಂಗೀತವನ್ನು ಅಣಕವಾಗಿ ನುಡಿಸುತ್ತವೆ. ತಾಯಿ ಮೊದಲು, ಅವನು ಆಮೇಲೆ ಎಂಬ ಈ ಕ್ರಮ ಸಾಫೋಕ್ಲಿಸ್‌ನದೇ. ಅರಮನೆಯಲ್ಲಿ ಜಯಘೋಷ ಏಳುತ್ತದೆ, ತಂಗಿ ಕುಣಿದಾಡುತ್ತಾಳೆ. ರನ್ನನ ‘ಗದಾಯುದ್ಧ’ದಲ್ಲಿ ಸೇಡಿಗಾಗಿ ಬಿಚ್ಚಿಟ್ಟ ದ್ರೌಪದಿಯ ಮುಡಿ ಕೊನೆಗೆ ಕಟ್ಟಲ್ಪಟ್ಟು ಅವಳು ಪಟ್ಟಕ್ಕೇರುತ್ತಾಳೆ, ಅಲ್ಲಿ ನೆನಪಿಗೊಂದು ಗುರಿಯೂ ಗುರಿಯಾಚೆ ಬಾಳೂ ಇವೆ. ಎಲೆಕ್ಟ್ರಾಳಿಗೆ ಗುರಿಯಾಚೆ ಏನೂ ಇಲ್ಲ. ಹೆಸರಿಡಲಾಗದ ಕುಣಿತವೊಂದನ್ನು ಕುಣಿದು ಅವಳು ಕುಸಿದು ಬೀಳುತ್ತಾಳೆ. ಸಾಫೋಕ್ಲಿಸ್‌ನಲ್ಲಿಲ್ಲದ ಈ ಸಾವು ಸಂಪೂರ್ಣವಾಗಿ ಹಾಫ್‌ಮನ್‌ಸ್ಟಾಲ್‌ನ ಕಲ್ಪನೆ. ಕ್ರೈಸೊಥೆಮಿಸ್ ಅರಮನೆಯ ಬಾಗಿಲು ಬಡಿದು ತಮ್ಮನನ್ನು ಕೂಗುತ್ತಾಳೆ, ಒಳಗಿನಿಂದ ಉತ್ತರವಿಲ್ಲ. ಅಗಮೆಮ್ನಾನ್‌ನ ನಾಲ್ಕು ಸ್ವರಗಳು ಮತ್ತೆ ಬಡಿಯುತ್ತವೆ, ಕರಾಳವಾದ ಇ ಫ್ಲಾಟ್ ಮೈನರ್ ಸ್ವರಕೂಟಕ್ಕೆ ಡಿ ಮೈನರ್‌ಗೆ ಮರಳದ ಸಿ ಮೇಜರ್ ಉತ್ತರ ಕೊಟ್ಟು ಪರದೆ ಬೀಳುತ್ತದೆ. ಸಿ ಮೇಜರ್ ಪಾಶ್ಚಾತ್ಯ ಸಂಗೀತದಲ್ಲಿ ಬೆಳಕಿನ, ಗೆಲುವಿನ ನೆಲೆಯೆಂದು ಪ್ರಸಿದ್ಧ. ಇಲ್ಲಿ ಅದು ಗೆದ್ದವರಾರು ಎಂದು ಹೇಳುವುದಿಲ್ಲ.

ಮೊದಲ ಪ್ರದರ್ಶನವನ್ನು ಎರ್ನ್ಸ್ಟ್ ಫಾನ್ ಶುಖ್ ನಿರ್ದೇಶಿಸಿದ, ಆನಿ ಕ್ರುಲ್ ಎಲೆಕ್ಟ್ರಾ ಆದಳು. ಕ್ಲಿಟೆಮ್ನೆಸ್ಟ್ರಾ ಆದ ಪ್ರಖ್ಯಾತ ಗಾಯಕಿ ಎರ್ನೆಸ್ಟೀನ್ ಶೂಮನ್-ಹೈಂಕ್‌ಗೆ ಆ ಪಾತ್ರ ಹಿಡಿಸಲಿಲ್ಲ, ಅವಳು ಅದನ್ನು ಮತ್ತೆ ಹಾಡಲಿಲ್ಲ. 1910ರಲ್ಲಿ ಥಾಮಸ್ ಬೀಚಮ್ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಇದನ್ನು ನುಡಿಸಿದಾಗ ವಿಮರ್ಶಕ ಅರ್ನೆಸ್ಟ್ ನ್ಯೂಮನ್ ಹರಿಹಾಯ್ದ, ನಾಟಕಕಾರ ಬರ್ನಾರ್ಡ್ ಷಾ ಸ್ಟ್ರೌಸ್‌ನ ಪರ ಲೇಖನಿ ಹಿಡಿದ, ಇಬ್ಬರ ಜಗಳ ಪತ್ರಿಕೆಯಲ್ಲಿ ವಾರಗಟ್ಟಲೆ ನಡೆಯಿತು. ಅಷ್ಟು ಹೊತ್ತಿಗೆ ಸ್ಟ್ರೌಸ್ ಮತ್ತು ಹಾಫ್‌ಮನ್‌ಸ್ಟಾಲ್ 1911ರಲ್ಲಿ ಬರಲಿದ್ದ ‘ಡೆರ್ ರೋಸೆನ್‌ಕಾವಲಿಯರ್’ ಎಂಬ ಸುಕೋಮಲ ಹಾಸ್ಯದಲ್ಲಿ ತೊಡಗಿದ್ದರು. ಹೊಸತನದ ಅಂಚಿನಿಂದ ಸ್ಟ್ರೌಸ್ ಹೆದರಿ ಹಿಂದೆ ಸರಿದ ಎಂಬ ಆರೋಪ ಆಮೇಲೆ ಗಟ್ಟಿಯಾಯಿತು. ಅವನು ‘ಅರಿಯಾಡ್ನೆ’, ‘ಈಜಿಪ್ಟಿನ ಹೆಲೆನ್’, ‘ಡ್ಯಾಫ್ನೆ’, ‘ಡನಾಯೆಯ ಪ್ರೇಮ’ ಹೀಗೆ ಗ್ರೀಕ್ ಕಥೆಗಳಿಗೆ ಮತ್ತೆ ಮತ್ತೆ ಮರಳಿದನಾದರೂ ಕ್ಲಿಟೆಮ್ನೆಸ್ಟ್ರಾಳ ಕನಸಿನ ಜಾಗಕ್ಕೆ ಮರಳಲಿಲ್ಲ ಎಂಬುದು ನಿಜ. ಹೆದರಿಕೆ ಎನ್ನುವುದಕ್ಕಿಂತ, ಆ ವಸ್ತುವಿಗಲ್ಲದೆ ಬೇರಾವುದಕ್ಕೂ ಅಂಥ ಸಂಗೀತ ಬೇಕಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಇತ್ತೀಚಿನ ರಂಗನಿರ್ದೇಶಕರು ಹಾಫ್‌ಮನ್‌ಸ್ಟಾಲ್ ತಾಯಿಗೆ ಮಾಡಿದ ಅನ್ಯಾಯವನ್ನು ಸರಿಪಡಿಸುವತ್ತ ವಾಲಿದ್ದಾರೆ. 2013ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರಾವಾನ್ಸ್ ಉತ್ಸವದಲ್ಲಿ ಪಾತ್ರಿಸ್ ಶೆರೋ ನಿರ್ದೇಶಿಸಿದ, ಅವರ ಬದುಕಿನ ಕೊನೆಯ ಒಪೆರಾ ಆದ ಪ್ರಯೋಗದಲ್ಲಿ ವಾಲ್ಟ್ರೌಡ್ ಮಯರ್ ಕ್ಲಿಟೆಮ್ನೆಸ್ಟ್ರಾಳನ್ನು ರಾಕ್ಷಸಿಯಾಗಿಸದೆ, ನಿದ್ದೆಗಾಗಿ ಅಂಗಲಾಚುವ ಘನತೆಯ ಹೆಂಗಸಾಗಿ ಹಾಡಿದರು. ಸಂಗೀತದ ಒಂದು ಸ್ವರವನ್ನೂ ಬದಲಿಸದೆ ಅದು ಸಾಧ್ಯವಾಯಿತೆಂದರೆ ಸ್ಟ್ರೌಸ್‌ಗೆ ಆ ಪಾತ್ರದ ಮೇಲೆ ಕವಿಗಿದ್ದದ್ದಕ್ಕಿಂತ ಹೆಚ್ಚು ಕನಿಕರವಿತ್ತೆಂದೇ ಹೇಳಬೇಕು. ಆ ಪ್ರದರ್ಶನದ ಚಿತ್ರೀಕರಣ ಲಭ್ಯವಿದೆ, ಕಾರ್ಲ್ ಬೋಮ್ ಸಂಗೀತ ನಿರ್ವಹಿಸಿದ 1981ರ ಚಲನಚಿತ್ರವೂ ಲಭ್ಯವಿದೆ. ಕೇಳಲಷ್ಟೇ ಬಯಸುವವರಿಗೆ ಗಿಯೋರ್ಗ್ ಶೋಲ್ಟಿ ವಿಯೆನ್ನಾ ಫಿಲ್‌ಹಾರ್ಮೊನಿಕ್ ವೃಂದದೊಡನೆ 1960ರ ದಶಕದಲ್ಲಿ ಮಾಡಿದ, ಬಿರ್ಗಿಟ್ ನಿಲ್ಸನ್ ಎಲೆಕ್ಟ್ರಾ ಆಗಿರುವ ಧ್ವನಿಮುದ್ರಣವಿದೆ. ಜರ್ಮನ್ ಬಾರದವರು ಸಾಹಿತ್ಯದ ಅನುವಾದವನ್ನು ಒಮ್ಮೆ ಓದಿಕೊಂಡು, ಮೊದಲ ಸಲ ಇಡೀ ಕೃತಿಯನ್ನು ಕೇಳುವ ಬದಲು ತಾಯಿ ಮಗಳ ದೃಶ್ಯವೊಂದನ್ನೇ, ಸುಮಾರು ಅರ್ಧ ಗಂಟೆಯಷ್ಟು, ಕೇಳಿ ನೋಡುವುದು ಒಳ್ಳೆಯದು.